ದೀಪ ಆರಿದ ಊರುಗಳು

ಚನ್ನಗಿರಿ ಸೀಮೆಯ ಕಂದಾಯ ಕಡತಗಳನ್ನು ತಿರುವಿದರೆ ಕೆಲವು ಗ್ರಾಮಗಳ ಹೆಸರಿನ ಮುಂದೆ ‘ಬೇಚರಾಕ್’ ಎಂಬ ಮಾತು ಕಾಣುತ್ತದೆ. ಪಾರಸಿಯ ‘ಬೇ ಚಿರಾಗ್’, ಅಂದರೆ ದೀಪವಿಲ್ಲದ್ದು ಎಂಬುದು ಶಾನುಭೋಗರ ಬಾಯಲ್ಲಿ ಸವೆದು ಹೀಗಾಗಿದೆ. ಈ ಊರಿಗೆ ಗಡಿಯುಂಟು, ಸರ್ವೆ ನಂಬರುಂಟು, ಪಹಣಿಯೂ ಉಂಟು; ಸಂಜೆ ದೀಪ ಹಚ್ಚುವ ಮನೆ ಮಾತ್ರ ಒಂದೂ ಇಲ್ಲ.

ಹಳೆಯ ಮೈಸೂರು ಸಂಸ್ಥಾನದ ಇಂಥ ಊರುಗಳ ಹಿಂದೆ ದೊಡ್ಡ ಸಾವುಗಳ ನೆರಳಿದೆ. 1871ರಲ್ಲಿ ಐವತ್ತು ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1876–78ರ ಬರದ ಬಳಿಕ, 1881ರ ಗಣತಿಯಲ್ಲಿ, ನಲವತ್ತೆರಡು ಲಕ್ಷಕ್ಕಿಂತ ಕೆಳಗಿಳಿದಿತ್ತು. 1898ರಲ್ಲಿ ಪ್ಲೇಗು ಬಂತು, 1918ರಲ್ಲಿ ಇನ್‌ಫ್ಲುಯೆಂಜಾ. ಆದರೆ ಮಾರಿಯೊಂದೇ ಊರನ್ನು ಅಳಿಸಲಾರದು. ಇಪ್ಪತ್ತು ಮನೆಯ ಹಳ್ಳಿಯಲ್ಲಿ ಹತ್ತು ಬಾಗಿಲು ಮುಚ್ಚಿದರೆ ಕಮ್ಮಾರನಿಗೆ ಕೆಲಸವಿಲ್ಲ; ಕಮ್ಮಾರನಿಲ್ಲದೆ ನೇಗಿಲು ನಡೆಯದು. ಉಳಿದವರು ಪಕ್ಕದ ದೊಡ್ಡ ಊರಿಗೆ ಸರಿದು, ಅಲ್ಲಿಂದಲೇ ಹಳೆಯ ಹೊಲ ಉಳುತ್ತಾರೆ. ಊರು ಸಾಯುವುದು ಹೀಗೆ, ಸದ್ದಿಲ್ಲದೆ.

ಊರು ಬಿಟ್ಟವರು ದೇವರನ್ನು ಬಿಡುವುದಿಲ್ಲ ಎಂಬುದೇ ಸೋಜಿಗ. ಮನೆಗಳು ಮಣ್ಣಾದರೂ ಹನುಮಪ್ಪನ ಗುಡಿ ನಿಂತಿರುತ್ತದೆ. ವರ್ಷಕ್ಕೊಮ್ಮೆ ನೆರೆಯೂರಿನವರು ಎಡೆ ಹಿಡಿದು ಬರುತ್ತಾರೆ. ಪಕ್ಕದಲ್ಲಿ ವೀರಗಲ್ಲು, ಮಾಸ್ತಿಕಲ್ಲು, ಬಾಯಿ ಕುಸಿದ ಹಗೇವು, ಒಂದು ಮುದಿ ಹುಣಸೆಮರ.

ಈಗ ಇವುಗಳಿಗೆ ಕುತ್ತು ಬಂದಿರುವುದು ಬಡತನದಿಂದಲ್ಲ, ಸಿರಿಯಿಂದ. ಭದ್ರಾ ನಾಲೆಯ ನೀರು, ಅಡಿಕೆಯ ಬೆಲೆ ಸೇರಿ ಒಂದು ಗುಂಟೆಯನ್ನೂ ಬೀಳು ಬಿಡುವಂತಿಲ್ಲ. ಜೆಸಿಬಿ ಒಂದು ದಿನ ಓಡಿದರೆ ಪಾಳುಗೋಡೆಗಳೆಲ್ಲ ಸಮ. ಹಾಳೂರಿನ ಮಣ್ಣು ಗೊಬ್ಬರವೆಂದು ಹೊಲಕ್ಕೆ ಹೋಗುತ್ತದೆ. ನಿಧಿಯಾಸೆಯವರು ಗುಡಿಯ ನೆಲ ಅಗೆಯುತ್ತಾರೆ. ರೈತನನ್ನು ದೂರುವುದು ಸುಲಭ, ಆದರೆ ಆ ಕಲ್ಲು ಏನೆಂದು ಅವನಿಗೆ ಹೇಳಿದವರಾದರೂ ಯಾರು?

ಸಂತೇಬೆನ್ನೂರಿನ ಪುಷ್ಕರಣಿಗೆ ಪುರಾತತ್ವ ಇಲಾಖೆಯ ಕಾವಲಿದೆ. ಬೇಚರಾಕ್ ಗ್ರಾಮದ ವೀರಗಲ್ಲಿಗೆ ಅಂಥ ಭಾಗ್ಯ ಅಪರೂಪ. ಬಿ.ಎಲ್. ರೈಸ್ 1902ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಸಂಪುಟದಲ್ಲಿ ಚನ್ನಗಿರಿ, ಹೊನ್ನಾಳಿಯ ಶಾಸನಗಳನ್ನು ಅಚ್ಚು ಹಾಕಿಸಿದರು. ಆ ಪುಸ್ತಕವನ್ನೂ ಹಳೆಯ ಸರ್ವೆ ನಕ್ಷೆಯನ್ನೂ ಹಿಡಿದು ಹೊರಟರೆ, ಯಾವ ಕಲ್ಲು ಉಳಿದಿದೆ, ಯಾವುದು ಕಾಣೆಯಾಗಿದೆ ಎಂಬ ಲೆಕ್ಕ ಶಾಲಾ ಮಕ್ಕಳಿಂದಲೂ ಆದೀತು. ಬಿದ್ದ ಕಲ್ಲುಗಳನ್ನು ದೂರದ ಮ್ಯೂಸಿಯಮ್ಮಿಗೆ ಸಾಗಿಸುವ ಬದಲು ಅಲ್ಲಿಯ ಗುಡಿಯಂಗಳದಲ್ಲೇ ನಿಲ್ಲಿಸುವುದು ಮೇಲು. ಪೂಜೆ ನಡೆಯುವಲ್ಲಿ ಕಣ್ಣುಗಳೂ ಇರುತ್ತವೆ.

ಅದಕ್ಕೂ ಮೊದಲು ಬರೆದಿಡಬೇಕಾದ್ದು ಹೊಲಗಳ ಹೆಸರು. ಕುಂಬಾರಗೇರಿ ಯಾವುದಿತ್ತು, ಅಗಸೆ ಬಾಗಿಲು ಎಲ್ಲಿತ್ತು ಎಂಬುದು ನೆರೆಯೂರಿನ ಹಿರಿಯರ ಬಾಯಲ್ಲಷ್ಟೇ ಇದೆ. ಪಹಣಿಗೆ ಗೊತ್ತಿರುವುದು ನಂಬರು ಮಾತ್ರ.