ಸಿವಿಲ್ ದಾವೆಯ ಸಮನ್ಸ್ ತಲುಪಿದಾಗ ಪ್ರತಿವಾದಿಯು ಅನುಸರಿಸಬೇಕಾದ ಕ್ರಮಗಳು

ನಿವೇಶನದ ಗಡಿ, ಕ್ರಯದ ಕರಾರು, ಪಿತ್ರಾರ್ಜಿತ ಆಸ್ತಿಯ ವಿಭಾಗ, ಸಾಲ ವಸೂಲಿ ಮೊದಲಾದ ವಿಷಯಗಳಲ್ಲಿ ದಾವೆ ದಾಖಲಾದಾಗ ನ್ಯಾಯಾಲಯವು ಪ್ರತಿವಾದಿಗೆ ಸಮನ್ಸ್ ಕಳುಹಿಸುತ್ತದೆ. ಸಮನ್ಸ್ ಎಂಬುದು ಶಿಕ್ಷೆಯಲ್ಲ. ಪ್ರತಿವಾದಿಯ ಅಹವಾಲನ್ನು ಕೇಳಲು ನೀಡುವ ಅವಕಾಶ. ಇದನ್ನು ಕಡೆಗಣಿಸಿದಲ್ಲಿ ಪ್ರತಿವಾದಿಯ ಮಾತು ಕೇಳದೆಯೇ ಡಿಕ್ರಿ ಆಗಬಹುದು.

1. ಯಾವ ನ್ಯಾಯಾಲಯ?

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಮುಂತಾದ ನಗರ ಪ್ರದೇಶದ ಸಿವಿಲ್ ದಾವೆಗಳನ್ನು ಸಾಮಾನ್ಯವಾಗಿ ನಗರ ಸಿವಿಲ್ ನ್ಯಾಯಾಲಯವು ವಿಚಾರಣೆ ಮಾಡುತ್ತದೆ. ಇದು 1979ರ ಅಧಿನಿಯಮದ ಮೇರೆಗೆ ರಚನೆಯಾಗಿದ್ದು, ಪ್ರಧಾನ ಸಂಕೀರ್ಣವು ಕೆಂಪೇಗೌಡ ರಸ್ತೆಯಲ್ಲಿದೆ. ಕೆಂಗೇರಿ ಸುತ್ತಲಿನ ಗ್ರಾಮಗಳ ಆಸ್ತಿಯ ದಾವೆಯು ಬೇರೆ ನ್ಯಾಯಾಲಯದಲ್ಲಿ ಇರಬಹುದಾದ್ದರಿಂದ ಸಮನ್ಸ್‌ನ ಶಿರೋನಾಮೆ, ದಾವೆ ಸಂಖ್ಯೆ, ಕೋರ್ಟ್ ಹಾಲ್ ಸಂಖ್ಯೆ ಹಾಗೂ ವಿಚಾರಣಾ ದಿನಾಂಕವನ್ನು ಗಮನಿಸತಕ್ಕದ್ದು. ದಾವೆಯ ನೈಜತೆ ಮತ್ತು ಹಂತವನ್ನು ಇ-ಕೋರ್ಟ್ಸ್ ಜಾಲತಾಣದಲ್ಲಿ 16 ಅಕ್ಷರಾಂಕಿಗಳ ಸಿ.ಎನ್.ಆರ್. ಸಂಖ್ಯೆಯಿಂದ ಪರಿಶೀಲಿಸಬಹುದು.

2. ಸಮನ್ಸ್ ಸ್ವೀಕಾರ

ಸಮನ್ಸ್‌ನೊಂದಿಗೆ ವಾದಪತ್ರದ ಪ್ರತಿ ಇರತಕ್ಕದ್ದು. ಪ್ರತಿವಾದಿಯು ಮನೆಯಲ್ಲಿಲ್ಲದೆ, ಸೂಕ್ತ ಸಮಯದೊಳಗೆ ಸಿಗುವ ಸಂಭವವೂ ಇಲ್ಲದಿದ್ದಲ್ಲಿ, ಜೊತೆಯಲ್ಲಿ ವಾಸಿಸುವ ವಯಸ್ಕ ಕುಟುಂಬ ಸದಸ್ಯರಿಗೆ ಅದನ್ನು ನೀಡಬಹುದು. ಮನೆಗೆಲಸದವರು ಈ ವ್ಯಾಪ್ತಿಗೆ ಬರುವುದಿಲ್ಲ. ಸ್ವೀಕರಿಸಲು ನಿರಾಕರಿಸಿದರೆ ಅಮೀನರು ಮನೆಯ ಹೊರಬಾಗಿಲಿಗೆ ಪ್ರತಿಯನ್ನು ಅಂಟಿಸಿ ನ್ಯಾಯಾಲಯಕ್ಕೆ ವರದಿ ಸಲ್ಲಿಸುತ್ತಾರೆ. ಆದ್ದರಿಂದ ನಿರಾಕರಣೆಯಿಂದ ದಾವೆಯು ನಿಲ್ಲುವುದಿಲ್ಲ.

3. ಲಿಖಿತ ಹೇಳಿಕೆ ಮತ್ತು ಕಾಲಮಿತಿ

ಸಿವಿಲ್ ಪ್ರಕ್ರಿಯಾ ಸಂಹಿತೆ, 1908ರ ಪ್ರಕಾರ ಸಮನ್ಸ್ ಜಾರಿಯಾದ 30 ದಿನಗಳೊಳಗೆ ಲಿಖಿತ ಹೇಳಿಕೆ ಸಲ್ಲಿಸತಕ್ಕದ್ದು. ಕಾರಣಗಳನ್ನು ದಾಖಲಿಸಿ ನ್ಯಾಯಾಲಯವು ಇದನ್ನು ಜಾರಿಯಾದ ದಿನದಿಂದ 90 ದಿನಗಳವರೆಗೆ ವಿಸ್ತರಿಸಬಹುದು. ಅದರ ನಂತರ ಅಸಾಧಾರಣ ಸಂದರ್ಭಗಳಲ್ಲಿ ಮಾತ್ರ ಅವಕಾಶ ದೊರೆಯಬಹುದು. ಈ ಅವಧಿಯನ್ನು ಸಮನ್ಸ್ ತಲುಪಿದ ದಿನದಿಂದ ಎಣಿಸಲಾಗುವುದೇ ಹೊರತು ಅದರಲ್ಲಿರುವ ವಿಚಾರಣಾ ದಿನಾಂಕದಿಂದಲ್ಲ. ವಾದಪತ್ರದ ಪ್ರತಿಯೊಂದು ಅಂಶಕ್ಕೂ ನಿರ್ದಿಷ್ಟ ಉತ್ತರ ಅಗತ್ಯ; ಅಲ್ಲಗಳೆಯದ ಸಂಗತಿಯನ್ನು ಒಪ್ಪಿಕೊಂಡಂತೆ ಪರಿಗಣಿಸಬಹುದು.

4. ಹಾಜರಾಗದಿದ್ದಲ್ಲಿ

ಸಮನ್ಸ್ ಕ್ರಮಬದ್ಧವಾಗಿ ಜಾರಿಯಾಗಿದ್ದರೂ ಹಾಜರಾಗದ ಪ್ರತಿವಾದಿಯನ್ನು ನ್ಯಾಯಾಲಯವು ಏಕಪಕ್ಷೀಯವೆಂದು ಪರಿಗಣಿಸಿ ವಿಚಾರಣೆ ಮುಂದುವರಿಸಬಹುದು. ಡಿಕ್ರಿಗೆ ಮೊದಲು ಸಮರ್ಪಕ ಕಾರಣ ತೋರಿಸಿ ಭಾಗವಹಿಸಲು ಅನುಮತಿ ಕೋರಬಹುದು. ಡಿಕ್ರಿಯಾದ ನಂತರ ಅದನ್ನು ರದ್ದುಪಡಿಸಲು 30 ದಿನಗಳೊಳಗೆ ಅದೇ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸತಕ್ಕದ್ದು. ಸಮನ್ಸ್ ಸರಿಯಾಗಿ ಜಾರಿಯಾಗದಿದ್ದ ಪಕ್ಷದಲ್ಲಿ, ಡಿಕ್ರಿಯ ವಿಷಯ ತಿಳಿದ ದಿನದಿಂದ ಈ ಅವಧಿಯು ಆರಂಭವಾಗುತ್ತದೆ.

5. ಉಚಿತ ಕಾನೂನು ನೆರವು

ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ ಪ್ರಕರಣ 12ರ ಮೇರೆಗೆ ಕೆಳಕಂಡವರು ಉಚಿತ ವಕೀಲರ ಸೇವೆಗೆ ಅರ್ಹರು:

(ಅ) ಮಹಿಳೆಯರು ಮತ್ತು ಮಕ್ಕಳು
(ಆ) ಪರಿಶಿಷ್ಟ ಜಾತಿ ಹಾಗೂ ಪರಿಶಿಷ್ಟ ಪಂಗಡದವರು
(ಇ) ಅಂಗವಿಕಲರು
(ಈ) ಕೈಗಾರಿಕಾ ಕಾರ್ಮಿಕರು
(ಉ) ಪ್ರಕೃತಿ ವಿಕೋಪ ಮುಂತಾದವುಗಳ ಸಂತ್ರಸ್ತರು, ಮಾನವ ಸಾಗಾಣಿಕೆಯ ಸಂತ್ರಸ್ತರು ಮತ್ತು ಬಂಧನದಲ್ಲಿರುವವರು
(ಊ) ನಿಗದಿತ ಮಿತಿಗಿಂತ ಕಡಿಮೆ ವಾರ್ಷಿಕ ಆದಾಯ ಉಳ್ಳವರು

ಮಹಿಳೆಯರಿಗೆ ಹಾಗೂ ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಮಿತಿ ಅನ್ವಯಿಸುವುದಿಲ್ಲ. ಮಾಹಿತಿಗೆ ಸಹಾಯವಾಣಿ 15100ಕ್ಕೆ ಕರೆ ಮಾಡಬಹುದು. ನೆರವಿನ ಅರ್ಜಿ ಸಲ್ಲಿಸಿದ ಮಾತ್ರಕ್ಕೆ 30 ದಿನಗಳ ಅವಧಿಯು ನಿಲ್ಲುವುದಿಲ್ಲವಾದ್ದರಿಂದ, ಸಮನ್ಸ್ ತಲುಪಿದ ಕೂಡಲೇ ಅರ್ಜಿ ಸಲ್ಲಿಸುವುದು ಸೂಕ್ತ.

6. ರಾಜಿ ಸಂಧಾನ

ಉಚ್ಚ ನ್ಯಾಯಾಲಯವು 2007ರಲ್ಲಿ ಆರಂಭಿಸಿದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರಕ್ಕೆ ಅಥವಾ ಲೋಕ ಅದಾಲತ್‌ಗೆ ದಾವೆಯನ್ನು ಒಪ್ಪಿಸಲು ಉಭಯ ಪಕ್ಷಗಳು ಕೋರಬಹುದು. ಲೋಕ ಅದಾಲತ್‌ನ ತೀರ್ಪು ಡಿಕ್ರಿಗೆ ಸಮಾನವಾಗಿದ್ದು, ಅದರ ವಿರುದ್ಧ ಮೇಲ್ಮನವಿಗೆ ಅವಕಾಶವಿಲ್ಲ. ಆದುದರಿಂದ ರಾಜಿ ಪತ್ರವನ್ನು ಪೂರ್ಣವಾಗಿ ಓದಿಸಿ, ಅರ್ಥಮಾಡಿಕೊಂಡ ನಂತರವೇ ಸಹಿ ಮಾಡತಕ್ಕದ್ದು.

ವಿ.ಸೂ.: ಈ ಮಾಹಿತಿಯು ಸಾಮಾನ್ಯ ಸಿವಿಲ್ ದಾವೆಗಳಿಗೆ ಸಂಬಂಧಿಸಿದೆ. ವಾಣಿಜ್ಯ ದಾವೆಗಳಲ್ಲಿ ಲಿಖಿತ ಹೇಳಿಕೆಗೆ 120 ದಿನಗಳ ಕಟ್ಟುನಿಟ್ಟಿನ ಗರಿಷ್ಠ ಮಿತಿ ಇರುತ್ತದೆ.