ಮಲಪ್ರಭೆಯಲ್ಲಿ ದೋಣಿ ಸಾಗೀತೇ?

೨೦೧೬ರ ಕಾಯ್ದೆ ೧೧೧ ರಾಷ್ಟ್ರೀಯ ಜಲಮಾರ್ಗಗಳನ್ನು ಪಟ್ಟಿ ಮಾಡಿದೆ. ೬೭ನೆಯದು ನಮ್ಮ ಮಲಪ್ರಭೆ! ಉಪಗ್ರಹ ಚಿತ್ರ ತೆರೆದು ಹೊಳೆಗುಂಟ ಹೊರಟೆ. ಕಿತ್ತೂರು, ಬೈಲಹೊಂಗಲ ಸೀಮೆ ದಾಟಿದರೆ ಸವದತ್ತಿ ಹತ್ತಿರ ನವಿಲುತೀರ್ಥದ ಅಣೆಕಟ್ಟು ಅಡ್ಡ. ಕೆಳಗೆ ರಾಮದುರ್ಗ: ೨೦೧೯ರ ಆಗಸ್ಟಿನಲ್ಲಿ ಹೊಳೆ ಊರೊಳಗೇ ನುಗ್ಗಿತ್ತು, ಬೇಸಿಗೆಯಲ್ಲಿ ನೀರು ಹುಡುಕಬೇಕು. ನಕ್ಷೆಯ ನೀಲಿ ಗೆರೆ ಮಾತ್ರ ವರ್ಷವಿಡೀ ಒಂದೇ ಥರ... ಅದು ಉದ್ದ ಹೇಳುತ್ತೆ, ಆಳ ಹೇಳಲ್ಲ. ದೋಣಿಗೆ ಬೇಕಾದ್ದು ಆಳ, ಅದೂ ತಿಂಗಳು ತಿಂಗಳ ಲೆಕ್ಕ.

ಇನ್ನು ಇತಿಹಾಸ. ಈ ನೀರು ಆಗಲೇ ಹಂಚಿಹೋಗಿದೆ: ಕಾಲುವೆಗೆ, ಹುಬ್ಬಳ್ಳಿ-ಧಾರವಾಡದ ನಲ್ಲಿಗೆ. ೧೯೮೦ರಲ್ಲಿ ಇದೇ ಕಾಲುವೆಯ ಕರ ವಿರೋಧಿಸಿದ ನರಗುಂದ, ನವಲಗುಂದದ ರೈತರ ಮೇಲೆ ಗೋಲಿಬಾರ್ ಆಗಿತ್ತು. ದೋಣಿಗೆ ನೀರು ಬಿಡಿ ಅಂದರೆ ಅವರಿಗೆ ಏನು ಹೇಳೋಣ?

ನಿಮ್ಮೂರ ಹೊಳೆಯೂ ಆ ಪಟ್ಟಿಯಲ್ಲಿದೆಯಾ? ನೋಡಿ ಹೇಳಿ.