ಸಿಲ್ವಿಯಾ: ಮದರಾಸಿನಲ್ಲಿ ಕಂಡ ಕ್ಷುದ್ರಗ್ರಹ

ಬಾಗಲಕೋಟೆ ಸೀಮೆಯ ಚರಿತ್ರೆ ಎಂದೊಡನೆ ಬಾದಾಮಿ, ಐಹೊಳೆಗಳ ಮಾತು ಬರುತ್ತದೆ. ಹುನಗುಂದದಾಚೆ ಇಳಕಲ್ಲಿಗೆ ಹೋದರೆ ಸೀರೆಯ ಮಾತು. ಖಗೋಳ ವಿಜ್ಞಾನದ ಚರಿತ್ರೆಯಲ್ಲಿಯೂ ಈ ಸೀಮೆಗೆ ಸ್ಥಾನವುಂಟು. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣವನ್ನು ಲೆಫ್ಟಿನೆಂಟ್ ಜಾನ್ ಹರ್ಷೆಲ್ ನಮ್ಮ ಜಮಖಂಡಿಯಲ್ಲಿ ವೀಕ್ಷಿಸಿದರು. ಮೋಡಗಳ ಕಾಟದ ನಡುವೆಯೂ ಸೂರ್ಯನ ಅಂಚಿನ ಜ್ವಾಲೆಗಳ ರೋಹಿತದಲ್ಲಿ ಹೊಳೆಯುವ ಗೆರೆಗಳನ್ನು ಕಂಡು, ಅವು ಅನಿಲಮಯವೆಂದು ಅರಿತರು. 1802ರಲ್ಲಿ ‘ಆಸ್ಟರಾಯ್ಡ್’ ಎಂಬ ಪದವನ್ನು ಬಳಕೆಗೆ ತಂದ ವಿಲಿಯಂ ಹರ್ಷೆಲ್ ಇವರ ತಾತ. ನಾವು ಅದನ್ನೇ ಕ್ಷುದ್ರಗ್ರಹ ಎನ್ನುತ್ತೇವೆ. ‘ಕ್ಷುದ್ರ’ ಎಂಬ ವಿಶೇಷಣ ನನಗೇನೋ ಹಿಡಿಸದು. ನಾನೀಗ ಹೇಳಹೊರಟಿರುವ ಕಾಯ ಅಷ್ಟು ಸಣ್ಣದಲ್ಲ.

ಆ ಗ್ರಹಣಕ್ಕೆ ಎರಡು ವರ್ಷ ಮೊದಲು, 1866ರ ಮೇ 16ರಂದು, ಮದರಾಸು ವೀಕ್ಷಣಾಲಯದಲ್ಲಿ ನಾರ್ಮನ್ ಪಾಗ್ಸನ್ ಸಿಲ್ವಿಯಾವನ್ನು ಕಂಡುಹಿಡಿದರು. ಕ್ರಮಸಂಖ್ಯೆ 87. ಛಾಯಾಚಿತ್ರದಿಂದ ಇಂಥವನ್ನು ಪತ್ತೆಹಚ್ಚುವ ಪದ್ಧತಿ ಬಂದದ್ದು 1891ರಲ್ಲಿ. ಅಲ್ಲಿಯವರೆಗೆ ಕಣ್ಣೇ ಗತಿ. ನಕ್ಷತ್ರಪಟವನ್ನು ಮುಂದಿಟ್ಟುಕೊಂಡು ದೂರದರ್ಶಕದಲ್ಲಿ ಕಾಣುವ ಒಂದೊಂದು ಚುಕ್ಕೆಯನ್ನೂ ತಾಳೆ ನೋಡಬೇಕು. ಪಟದಲ್ಲಿಲ್ಲದ ಚುಕ್ಕೆ ಕಂಡರೆ, ಅದು ಜಾಗ ಬದಲಿಸುತ್ತಿದೆಯೇ ಎಂದು ಮತ್ತೆ ನೋಡಬೇಕು. ಈ ರೀತಿಯಲ್ಲಿ ಪಾಗ್ಸನ್ ಮದರಾಸಿನಿಂದ ಐದು ಕ್ಷುದ್ರಗ್ರಹಗಳನ್ನು ಕಂಡುಹಿಡಿದರು. ಮೊದಲನೆಯದು 1861ರ ಏಷಿಯಾ. ಕೊನೆಯದು 1885ರ ವೇರಾ.

ಸಿಲ್ವಿಯಾ ಮಂಗಳ ಮತ್ತು ಗುರುಗ್ರಹಗಳ ನಡುವಣ ಮುಖ್ಯ ಪಟ್ಟಿಯ ಹೊರ ಅಂಚಿನಲ್ಲಿದೆ. ಸೂರ್ಯನಿಂದ ಅದರ ಸರಾಸರಿ ದೂರ ಭೂಮಿಯ ದೂರದ 3.48 ಪಟ್ಟು, ಅಂದರೆ ಸುಮಾರು 52 ಕೋಟಿ ಕಿಲೋಮೀಟರ್. ನನ್ನ ಹಳೆಯ ವಿದ್ಯಾರ್ಥಿಗಳು ಕೆಪ್ಲರನ ಮೂರನೆಯ ನಿಯಮವನ್ನು ಮರೆತಿಲ್ಲವಷ್ಟೆ? 3.48ರ ಘನವನ್ನು ಕಂಡು ಅದರ ವರ್ಗಮೂಲ ತೆಗೆಯಿರಿ: ಸುಮಾರು ಆರೂವರೆ ಬರುತ್ತದೆ. ಅದು ಸೂರ್ಯನನ್ನು ಒಮ್ಮೆ ಸುತ್ತಲು ಬೇಕಾಗುವ ವರ್ಷಗಳು. ತನ್ನ ಸುತ್ತ ತಾನು ತಿರುಗಲು ಮಾತ್ರ ಐದು ಗಂಟೆಗೆ ತುಸು ಮಿಕ್ಕ ಕಾಲ ಸಾಕು. ಸರಾಸರಿ ವ್ಯಾಸ ಸುಮಾರು 270 ಕಿ.ಮೀ.; ಬಾಗಲಕೋಟೆಯಿಂದ ಶಿವಮೊಗ್ಗಕ್ಕೆ ನೇರ ಗೆರೆ ಎಳೆದರೂ ಅಷ್ಟಾಗದು.

ರೋಮ್ ನಗರದ ಪುರಾಣದಲ್ಲಿ ರೋಮ್ಯುಲಸ್ ಮತ್ತು ರೀಮಸ್ ಅವಳಿಗಳ ತಾಯಿ ರಿಯಾ ಸಿಲ್ವಿಯಾ. ಹೆಸರಿಟ್ಟು 135 ವರ್ಷಗಳಾದ ಮೇಲೆ, 2001ರಲ್ಲಿ, ಹವಾಯಿಯ ಕೆಕ್ ದೂರದರ್ಶಕದಿಂದ ಅದಕ್ಕೊಂದು ಉಪಗ್ರಹ ಕಂಡಿತು. ಇನ್ನೊಂದನ್ನು 2005ರಲ್ಲಿ ಪ್ರಕಟಿಸಿದರು. ಮಕ್ಕಳ ಹೆಸರುಗಳು ಸಿದ್ಧವಾಗಿಯೇ ಇದ್ದವು! ಎರಡು ಉಪಗ್ರಹಗಳುಳ್ಳದ್ದೆಂದು ತಿಳಿದುಬಂದ ಮೊದಲ ಕ್ಷುದ್ರಗ್ರಹವಿದು. ಅವುಗಳ ಸುತ್ತಾಟದಿಂದ ತಾಯಿಯ ದ್ರವ್ಯರಾಶಿಯನ್ನು ಲೆಕ್ಕ ಹಾಕಿದರೆ, ಸಾಂದ್ರತೆ ನೀರಿಗಿಂತ ಸ್ವಲ್ಪವೇ ಹೆಚ್ಚು. ಒಳಗೆ ಸಾಕಷ್ಟು ಟೊಳ್ಳು, ಹಿಮ ಇರಬಹುದೆಂದು ವಿಜ್ಞಾನಿಗಳ ಊಹೆ.

ಪಾಗ್ಸನ್ನರ ಕಾಲದಲ್ಲಿ ಅದೇ ವೀಕ್ಷಣಾಲಯದ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರಿಯವರು 1867ರಲ್ಲಿ ಆರ್ ರೆಟಿಕ್ಯುಲಿ ಎಂಬ ನಕ್ಷತ್ರದ ಬೆಳಕು ಏರಿಳಿಯುವುದನ್ನು ಗುರುತಿಸಿದರು. ಇವರ ಹೆಸರನ್ನು ನಮ್ಮ ಮಕ್ಕಳು ಕೇಳಿಯೇ ಇಲ್ಲವೆಂಬುದು ನನ್ನ ಕೊರಗು. ಆ ಮದರಾಸು ವೀಕ್ಷಣಾಲಯದ ಪರಂಪರೆಯೇ ಕೊಡೈಕೆನಾಲಿನ ಮೂಲಕ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಗೆ ಬಂದಿದೆ. ವೇರಾದ ನಂತರ 103 ವರ್ಷ ಕಳೆದು, 1988ರ ಫೆಬ್ರವರಿ 17ರಂದು, ಆ ಸಂಸ್ಥೆಯ ಕಾವಲೂರು ವೀಕ್ಷಣಾಲಯದಲ್ಲಿ ಆರ್. ರಾಜಮೋಹನ್ ಅವರು ಕಂಡುಹಿಡಿದ 4130ನೆಯ ಕ್ಷುದ್ರಗ್ರಹಕ್ಕೆ ಗಣಿತಜ್ಞ ರಾಮಾನುಜನ್ನರ ಹೆಸರನ್ನಿಡಲಾಗಿದೆ.